ಮದುವೆ ಎಲೆಗಳ ಗದ್ದೆಯಲ್ಲಿ ಶಿಳ್ಳೆ ಬಾತು

ಶಿಳ್ಳೆ ಬಾತು ನೋಡಬೇಕಾದರೆ ಕಾರ್ಕಳದ ಕೆರೆಗೇ ಹೋಗಬೇಕು ಎಂದು ನಂಬಿ ಬೆಳೆದವನು ನಾನು. ಹಾರುವಾಗ ಶಿಳ್ಳೆ ಹಾಕುವ ಆ ಕಂದು ಹಕ್ಕಿಗಳು ಈಗೀಗ ಕಾಪು, ಕಟಪಾಡಿ ಕಡೆಗೂ ಇಳಿದು ಸಂಸಾರ ಹೂಡಿವೆ. ಅದರಲ್ಲಿ ನಾವು ಹೆಮ್ಮೆಪಡುವಂಥದ್ದೇನೂ ಇಲ್ಲ. ಬೇಸಾಯ ಬಿಟ್ಟು ಹಡಿಲು ಬಿದ್ದ ಗದ್ದೆಗಳಲ್ಲಿ ನೀರು ನಿಂತಿದೆ, ಜೊಂಡು ಬೆಳೆದಿದೆ. ಅದರ ಮೇಲೆ ನಾವು ಸುರಿದದ್ದೂ ಇದೆ.

ಈ ಸಲ ಆಟಿ ತಿಂಗಳ ಮಳೆಯಲ್ಲಿ ಒಂದು ಜೋಡಿ ಕಟಪಾಡಿಯ ನನ್ನ ಚಿಕ್ಕಮ್ಮನ ತೆಂಗಿನ ಮರದ ತಲೆಯಲ್ಲೇ ಮೊಟ್ಟೆ ಇಟ್ಟಿತು. ಕಾಯಿ ಕೀಳಲು ಬಂದವನನ್ನು ಚಿಕ್ಕಮ್ಮ ಅಂಗಳದಿಂದಲೇ ವಾಪಸು ಕಳಿಸಿದರು.

“ಮೇಲೆ ಬಾಣಂತಿ ಉಂಟು. ಮಕ್ಕಳು ಇಳಿದ ಮೇಲೆ ಬಾ.”

ಮುಂದಿನ ಸೋಣ ತಿಂಗಳ ಒಂದು ಬೆಳಿಗ್ಗೆ ಮರಿಗಳು ಧುಮುಕಿದವು. ರೆಕ್ಕೆ ಬರುವ ಮೊದಲೇ ಹತ್ತಿಯುಂಡೆಗಳಂತೆ ಕೆಳಗೆ ಬಿದ್ದು, ತಾಯಿಯ ಹಿಂದೆ ನೀರಿಗೆ ನಡೆಯುವುದು ಅವುಗಳ ಪದ್ಧತಿ. ಪಕ್ಕದ ಮನೆಯ ಯಜಮಾನರು ಅಷ್ಟಕ್ಕೆ ಬಿಡಲಿಲ್ಲ. ಕನಿಕರದಿಂದ ಮರಿಗಳನ್ನೆಲ್ಲ ಬುಟ್ಟಿಗೆ ತುಂಬಿ, ದೇವಸ್ಥಾನದ ಕೆರೆಗೆ ಬಿಟ್ಟು, ಫೋಟೋ ಹಿಡಿದು ಬಂದರು.

ನಾನು ಚಿಕ್ಕಮ್ಮನ ಮನೆಗೆ ಹೋಗುವಾಗ ದೊಡ್ಡ ಹಕ್ಕಿಗಳೆರಡೂ ಪಕ್ಕದ ಹಡಿಲು ಗದ್ದೆಯ ಮೇಲೆ ಸುತ್ತುತ್ತಾ ಶಿಳ್ಳೆ ಹಾಕುತ್ತಿದ್ದವು. ಚಿಕ್ಕಮ್ಮ ಅಂಗಳದಲ್ಲಿ ಕೆಂಡವಾಗಿದ್ದರು.

“ತಾಯಿ ಇಲ್ಲಿ, ಮಕ್ಕಳು ಅಲ್ಲಿ. ಸಂಜೆಯವರೆಗೆ ಬದುಕ್ತಾವಾ?”

“ಅಲ್ಲ ಅಕ್ಕ, ಅದು ಶುದ್ಧ ನೀರು. ಈ ಹೊಲಸಿಗೆ ಬಿಡುದಾ?” ಎಂದರು ಯಜಮಾನರು.

“ಶುದ್ಧ ನೀರನ್ನು ಅವು ತಿನ್ಲಿಕ್ಕೆ ಉಂಟಾ ಮಾರಾಯರೆ? ನಡೀರಿ, ನಿಮ್ಮ ಪಂಚೆ ತಗೊಳ್ಳಿ.”

ಕೆರೆಯಲ್ಲಿ ಮರಿಗಳು ಮುರಕಲ್ಲಿನ ಗೋಡೆಗೆ ಎದೆ ತಾಗಿಸಿ, ಹತ್ತಲಾರದೆ ಜಾರುತ್ತಿದ್ದವು. ಪಂಚೆಯ ಎರಡು ತುದಿ ಯಜಮಾನರೂ ನಾನೂ ಹಿಡಿದು, ಮೀನು ಹಿಡಿದಂತೆ ಮೂಲೆಗೆ ಅಟ್ಟಿ ಎತ್ತಿದೆವು. ಒಂದಕ್ಕೆ ಆಗಲೇ ಕುತ್ತಿಗೆ ನಿಲ್ಲುತ್ತಿರಲಿಲ್ಲ. ಚಿಕ್ಕಮ್ಮ ಅದನ್ನು ಸೆರಗಿನಲ್ಲಿ ಸುತ್ತಿಕೊಂಡರು.

ಯಜಮಾನರು ಬುಟ್ಟಿ ಹಿಡಿದುಕೊಂಡರು, ಮೂವರೂ ಗದ್ದೆಯ ಅಂಚಿಗೆ ಬಂದೆವು. ಕಲ್ಯಾಣ ಮಂಟಪದ ಟೆಂಪೋ ಸುರಿದು ಹೋದ ಊಟದ ಎಲೆಗಳು ರಾಶಿರಾಶಿಯಾಗಿ ಕೊಳೆತಿದ್ದವು. ಹುಳಿತ ಸಾಂಬಾರಿನ ಕೆನೆಯ ಮೇಲೆ ಬಿಳಿ ಹುಳಗಳು ಮಿಜಿಗುಡುತ್ತಿದ್ದವು. ಪಾಯಸದ ಪ್ಲಾಸ್ಟಿಕ್ ಲೋಟಗಳು ತೇಲುತ್ತಿದ್ದವು. ಯಜಮಾನರು ಮೂಗು ಮುಚ್ಚಿಕೊಂಡರು.

“ಛೀ, ಎಂತ ಜನ ಮಾರಾಯ!”

“ಹೋದ ವಾರ ನಿಮ್ಮ ಮಗಳ ಮದುವೆಗೆ ಬಂದ ಜನವೇ,” ಎಂದರು ಚಿಕ್ಕಮ್ಮ. “ಊಟ ಚಂದ ಇತ್ತು. ನಾನೂ ಉಂಡಿದ್ದೇನೆ.”

ಯಜಮಾನರು ಬುಟ್ಟಿಯನ್ನು ಮೆಲ್ಲನೆ ನನ್ನ ಕೈಗೆ ದಾಟಿಸಿದರು. ಮೊಣಕಾಲವರೆಗೆ ಆ ಲೋಳೆಗೆ ಇಳಿದವನು ನಾನೇ. ಎಲೆಗಳ ಆಚೆ, ಜೊಂಡಿನ ಬುಡದಲ್ಲಿ ಬುಟ್ಟಿ ಓರೆ ಮಾಡಿದೆ. ಸೆರಗಿನ ಬಿಸಿಗೆ ಚೇತರಿಸಿಕೊಂಡದ್ದನ್ನೂ ಕೊನೆಗೆ ಬಿಟ್ಟೆ. ನಾನು ದಡ ಹತ್ತುವ ಮೊದಲೇ ದೊಡ್ಡ ಹಕ್ಕಿಗಳು ಇಳಿದವು. ಜೊಂಡಿನೊಳಗಿಂದ ಸಣ್ಣ ಶಿಳ್ಳೆಗಳು ಕೇಳಿದವು.

ಸಾಬೂನು ಹಚ್ಚಿ ತಿಕ್ಕಿ ತಿಕ್ಕಿ ಕಾಲು ತೊಳೆದರೂ ವಾಸನೆ ಹೋಗಲಿಲ್ಲ. ಚಿಕ್ಕಮ್ಮ ಎಲೆ ಹಾಕಿ ಸಾಂಬಾರು ಬಡಿಸಲು ಬಂದಾಗ ನಾನು ಎದ್ದುಬಿಟ್ಟೆ.

“ಗಂಜಿ ಉಂಟು,” ಎಂದು ಎಲೆ ತೆಗೆದರು ಅವರು. “ಬಟ್ಟಲಲ್ಲಿ ಕುಡಿ.”