ಅತ್ತೆ ತುಂಬಿಸಿದ ಅಕ್ಷರಗಳು

ನಿನ್ನೆ ಸಂಜೆ ನಸ್ರೀನ್ ನನ್ನ ಸ್ಟೀಲ್ ಡಬ್ಬಿ ವಾಪಸ್ ತಂದುಕೊಟ್ಟಳು. ಮುಚ್ಚಳ ತೆಗೆದರೆ ಖರ್ಜೂರದ ವಾಸನೆ ಘಮ್ಮಂತ ಬಂತು. ಯಾಕಮ್ಮ ಇದೆಲ್ಲ ಅಂದರೆ, ಖಾಲಿ ಡಬ್ಬಿ ಕೊಟ್ಟರೆ ಅವರಮ್ಮ ಬೈತಾರಂತೆ. ನಸ್ರೀನ್ ನನ್ನ ಹಳೇ ವಿದ್ಯಾರ್ಥಿನಿ. ಗಣಿತದಲ್ಲಿ ಎಂಎಸ್ಸಿ ಮುಗಿಸಿದ್ದಾಳೆ, ನಾಳೆ ಹೊಸಕೋಟೆಯ ಒಂದು ಕಾಲೇಜಿನಲ್ಲಿ ಕೆಲಸಕ್ಕಾಗಿ ಪಾಠ ಮಾಡಿ ತೋರಿಸಬೇಕು. ಡಬ್ಬಿ ಒಂದು ನೆಪ, ಅವಳು ಬಂದದ್ದು ನನ್ನ ಕ್ಯಾಲ್ಕುಲೇಟರ್ ಕೇಳಲಿಕ್ಕೆ.

ಅಂಗಡಿಯವರು ಟಕಟಕ ಒತ್ತುವ ಕ್ಯಾಲ್ಕುಲೇಟರ್ ಅಲ್ಲ ಇದು, ಇಟ್ಟಿಗೆಯಷ್ಟು ದಪ್ಪ. ಗ್ರಾಫ್ ಬರೆಯುತ್ತದೆ, ಮ್ಯಾಟ್ರಿಕ್ಸ್ ಬಿಡಿಸುತ್ತದೆ. ಮ್ಯಾಟ್ರಿಕ್ಸ್ ಅಂದ ಕೂಡಲೇ ಪುಟ ತಿರುಗಿಸಬೇಡಿ, ಅದು ಮೊಟ್ಟೆ ಟ್ರೇ ಇದ್ದ ಹಾಗೆ. ಸಾಲುಸಾಲು ಗುಳಿ, ಗುಳಿಗೊಂದು ಸಂಖ್ಯೆ. ಒಂದು ಟ್ರೇ ಮಾಡಿದ್ದನ್ನೆಲ್ಲ ವಾಪಸ್ ಮಾಡುವ ಇನ್ನೊಂದು ಟ್ರೇ ಇರುತ್ತದೆ, ಅದಕ್ಕೆ ವಿಲೋಮ ಅಂತೀವಿ. ನಮ್ಮ ಕ್ಯಾಲ್ಕುಲೇಟರ್ ಪುಣ್ಯಾತ್ಮನಿಗೆ ಅಂಕಿಯೇ ಬೇಕಿಲ್ಲ. ಗುಳಿಗಳಲ್ಲಿ ಎ, ಬಿ, ಸಿ, ಡಿ ಅಂತ ಬರೀ ಅಕ್ಷರ ಇಟ್ಟರೆ ವಿಲೋಮವನ್ನೂ ಅಕ್ಷರದಲ್ಲೇ ಬರೆದುಕೊಡುತ್ತದೆ. ಆಮೇಲೆ ಯಾರು ಯಾವ ಅಂಕಿ ಹಾಕಿಕೊಂಡರೂ ಉತ್ತರ ಸಾಮಾನ್ಯವಾಗಿ ಸರಿಹೋಗುತ್ತದೆ.

ನಾನು ಎಂಎಸ್ಸಿ ಪಾಸಾದೆ ಅಂತ ಮಸ್ಕತ್‌ನಲ್ಲಿದ್ದ ಸೋದರಮಾವ ಇದನ್ನು ತಂದುಕೊಟ್ಟಿದ್ದರು. ಚಿನ್ನ ತರ್ತಾನೆ ಅಂತ ಕಾದಿದ್ದ ನಮ್ಮಮ್ಮ ತಮ್ಮನ ಜೊತೆ ಎಷ್ಟೋ ದಿನ ಸರಿಯಾಗಿ ಮಾತಾಡಲಿಲ್ಲ. ಬೂದಿಗೆರೆ ಪಕ್ಕದ ಈ ಊರಿಗೆ ಸೊಸೆಯಾಗಿ ಬಂದಾಗ ಇದನ್ನು ರೇಷ್ಮೆ ಸೀರೆಯಲ್ಲಿ ಸುತ್ತಿಕೊಂಡು ಬಂದೆ. ನಮ್ಮೆಜಮಾನ್ರು ಅದನ್ನು ಟೀವಿ ರಿಮೋಟು ಅಂದುಕೊಂಡು ಒಂದು ಸಂಜೆಯೆಲ್ಲ ಟೀವಿಗೆ ಹಿಡಿದು ಒತ್ತಿದರು, ಪಾಪ.

ಅದರ ಜೊತೆ ನಿಜವಾಗಿ ಸ್ನೇಹ ಬೆಳೆಸಿದವರು ನಮ್ಮತ್ತೆ. ಅಂಕಿ ಒತ್ತಿ, ಬಾಣದ ಬಟನ್ ಒತ್ತಿ, ಒಂದು ಅಕ್ಷರ ಒತ್ತಿದರೆ ಅಕ್ಷರ ಆ ಅಂಕಿಯನ್ನು ಹಿಡಿದಿಟ್ಟುಕೊಳ್ಳುತ್ತದೆ ಅಂತ ತೋರಿಸಿಕೊಟ್ಟಿದ್ದೆ. ಅಷ್ಟೇ ಸಾಕಾಯಿತು. ನಮ್ಮ ಹಸು ಗೌರಿ ಕೊಟ್ಟ ಹಾಲು ಎ ಒಳಗೆ ಹೋಯಿತು, ಕೆಂಪಿಯದು ಬಿ ಒಳಗೆ. ಕೆಂಪಿ ಒದ್ದ ದಿನ ಬಿಗೆ ಸೊನ್ನೆ. ನಾನು ಓದಲು ಕೂತಾಗ ಎಲ್ಲ ಅಳಿಸಿಬಿಡುತ್ತಿದ್ದೆ. ಒಂದು ದಿನ ಯಾಕೆ ಅಳಿಸ್ತೀಯ ಅಂತ ಕೇಳಿದರು. ನನ್ನ ಲೆಕ್ಕಕ್ಕೆ ಅಕ್ಷರ ಖಾಲಿ ಪಾತ್ರೆ ಥರ ಇರಬೇಕು ಅತ್ತೆ ಅಂದೆ. ಅವರ ಮುಖ ಸಣ್ಣಗಾಯಿತು. ನಮ್ಮತ್ತೆ ಅಕ್ಕಪಕ್ಕದವರ ಪಾತ್ರೆಯನ್ನು ಯಾವತ್ತೂ ಬರಿದಾಗಿ ವಾಪಸ್ ಕಳಿಸಿದವರಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ರಾಗಿ ಹಿಟ್ಟು, ಒಂದು ಚೂರು ಬೆಲ್ಲವಾದರೂ ಇರಬೇಕು. ಅಂಥವರಿಗೆ ನಾನು ಹೇಳಿದ ಮಾತು ನೋಡಿ.

ಆಗ ಎರಡು ಕಾಲೇಜುಗಳಲ್ಲಿ ಪಾಠ ತೋರಿಸಿ ಬರಿಗೈಲಿ ಬಂದಿದ್ದೆ. ಮೂರನೆಯದು ದೇವನಹಳ್ಳಿಯಲ್ಲಿ. ಇದೊಂದು ನೋಡು, ಆಗ್ಲಿಲ್ಲ ಅಂದ್ರೆ ಸುಮ್ನೆ ಮನೇಲಿರು ಅಂತ ಯಜಮಾನ್ರು ಹೇಳಿಯಾಗಿತ್ತು. ಆ ಕೆಲಸ ನನಗೆ ಬೇಕೇ ಬೇಕಿತ್ತು. ಓದಿದ್ದನ್ನೆಲ್ಲ ಕೊಟ್ಟಿಗೆ ಗೋಡೆಗೆ ಹೇಳಿಕೊಂಡು ಬಾಳೋದು ನನ್ನ ಕೈಲಿ ಆಗ್ತಿರಲಿಲ್ಲ.

ಅವತ್ತು ಬೆಳಗ್ಗೆ ಕ್ಯಾಲ್ಕುಲೇಟರ್ ದೇವರ ಗೂಡಿನಲ್ಲಿತ್ತು, ಮೇಲೆ ಕುಂಕುಮ. ಅತ್ತೆ ಅದನ್ನೂ ಊಟದ ಡಬ್ಬಿಯನ್ನೂ ಎರಡು ಕೈಯಲ್ಲಿ ಹಿಡಿದು ಕೊಟ್ಟರು.

“ಹೋಗ್ಬಾ ಕಣವ್ವ, ಬರಿದಾಗಿ ಕಳಿಸ್ತಿಲ್ಲ ನಿನ್ನ.”

ಡಬ್ಬಿಯ ವಿಷಯ ಹೇಳ್ತಿದ್ದಾರೆ ಅಂದುಕೊಂಡೆ.

ತರಗತಿಯಲ್ಲಿ ನನ್ನ ಜಂಬ ಕೇಳಬೇಡಿ. ಎರಡು ಸಾಲಿನ ಟ್ರೇಯಲ್ಲಿ ಎ, ಬಿ, ಸಿ, ಡಿ ಇಟ್ಟು, ಈ ಅಕ್ಷರಗಳೊಳಗೆ ಏನೂ ಇಲ್ಲ, ಅದೇ ಇವುಗಳ ಶಕ್ತಿ ಅಂತ ಭಾಷಣ ಬಿಗಿದು, ಹಿಂದೆ ಕೂತಿದ್ದ ಪ್ರಿನ್ಸಿಪಾಲರನ್ನೇ ಕರೆದು ಕೊನೆಯ ಬಟನ್ ಒತ್ತಿ ಸಾರ್ ಅಂದೆ. ಅವರು ಕನ್ನಡಕ ಇಳಿಸಿಕೊಂಡು ಒತ್ತಿದರು, ಪರದೆ ನೋಡಿದರು, ನನ್ನನ್ನು ನೋಡಿದರು. ಇದಕ್ಕೆ ವಿಲೋಮವೇ ಇಲ್ಲ ಅಂತಿದೆಯಲ್ಲಮ್ಮ ಅಂದರು. ಹುಡುಗಿಯರು ಕಿಸಕ್ಕೆಂದರು. ಮುಗೀತು, ಇನ್ನು ಕೊಟ್ಟಿಗೆ ಗೋಡೆಯೇ ಗತಿ ಅಂದುಕೊಂಡು, ಎ ಒಳಗೆ ಏನಿದೆ ಅಂತ ಒತ್ತಿ ನೋಡಿದೆ. ಒಂದು. ಬಿ ಒಳಗೆ ಒಂದು. ಸಿ, ಡಿ ಒಳಗೂ ಒಂದೊಂದು. ದೇವರ ಗೂಡಿನ ಮುಂದೆ ಕೂತು, ಕಣ್ಣು ಕಿರಿದು ಮಾಡಿಕೊಂಡು, ಒಂದೊಂದೇ ಬಟನ್ ಹುಡುಕಿ ಒತ್ತುತ್ತಿದ್ದ ಅತ್ತೆ ಕಣ್ಣಿಗೆ ಕಟ್ಟಿದರು.

ಅಳು ಬರಬೇಕಿತ್ತು, ನಗು ಬಂತು. ಇದ್ದದ್ದನ್ನು ಇದ್ದ ಹಾಗೆ ಮಕ್ಕಳಿಗೆ ಹೇಳಿಬಿಟ್ಟೆ. ನಮ್ಮತ್ತೆ ಯಾವ ಅಕ್ಷರಕ್ಕೂ ಭೇದ ಮಾಡದೆ ಒಂದೊಂದು ಹಾಕಿ ಕಳಿಸಿದ್ದಾರೆ, ಈಗ ಹೇಳಿ, ವಿಲೋಮ ಯಾಕೆ ಸಿಗಲಿಲ್ಲ ಅಂತ ಕೇಳಿದೆ. ಕಿಟಕಿ ಪಕ್ಕದ ಒಬ್ಬಳು ಎದ್ದು ನಿಂತಳು. ಎರಡೂ ಸಾಲು ಒಂದೇ ಮಿಸ್, ಅಡ್ಡಡ್ಡ ಗುಣಿಸಿ ಕಳೆದ್ರೆ ಸೊನ್ನೆ, ಸೊನ್ನೆಯಿಂದ ಭಾಗಿಸೋಕಾಗಲ್ವಲ್ಲ ಅಂದಳು. ಆಮೇಲೆ ಅಕ್ಷರ ಖಾಲಿ ಮಾಡಿ ಮತ್ತೆ ಒತ್ತಿದರೆ ಉತ್ತರ ಅಕ್ಷರಗಳಲ್ಲೇ ಬಂತು. ಪ್ರಿನ್ಸಿಪಾಲರು ಸೋಮವಾರದಿಂದ ಬನ್ನಿ ಅಂದರು. ಬಾಗಿಲ ತನಕ ಬಂದು, ಅತ್ತೆಯವರ ಕೈಗೆ ಮಾತ್ರ ಇದನ್ನ ಕೊಡ್ಬೇಡಿ ಅಂತಲೂ ಸೇರಿಸಿದರು.

ತಾವು ತುಂಬಿ ಕಳಿಸಿದ್ದಕ್ಕೇ ಕೆಲಸ ಆಯ್ತು ಅಂತ ಅತ್ತೆ ಹಾಲಿನ ಡೈರಿಯ ಸಾಲಿನಲ್ಲೆಲ್ಲ ಹೇಳಿಕೊಂಡು ಬಂದರು. ಇವತ್ತಿಗೂ ಹೇಳ್ತಾರೆ. ಅದು ಸುಳ್ಳು ಅಂತ ಸಾಧಿಸುವ ಗಣಿತ ನನಗೆ ಗೊತ್ತಿಲ್ಲ, ನಿಮಗೆ ಗೊತ್ತಿದ್ದರೆ ದಯವಿಟ್ಟು ಅವರಿಗೆ ಹೇಳಬೇಡಿ. ಆದರೂ ಆಮೇಲೆ ಯಾರಿಗೆ ಕ್ಯಾಲ್ಕುಲೇಟರ್ ಕೊಟ್ಟರೂ, ಅತ್ತೆಗೆ ಕಾಣದ ಹಾಗೆ ಅಕ್ಷರಗಳನ್ನು ತೊಳೆದ ಹಾಗೆ ಅಳಿಸಿಯೇ ಕೊಡುತ್ತಿದ್ದೆ.

ನಿನ್ನೆಯೂ ಅಳಿಸಿ ಮುಗಿಸಿದ್ದೆ. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆಗೆ ಈಗ ಕಣ್ಣು ಮಂಜು, ಕಿವಿ ಮಾತ್ರ ಚುರುಕು. ನಾಳಿದ್ದು ಪಾಠ ಅನ್ನುವುದನ್ನು ಕೇಳಿಸಿಕೊಂಡಿದ್ದಾರೆ.

“ಆ ಮಗೀಗೆ ಬರಿದಾಗಿ ಕೊಡ್ತಿದ್ದೀಯೇನವ್ವ?”

ನಸ್ರೀನ್ ಮುಖ ನೋಡಿದೆ. ಅವತ್ತು ಬಸ್ಸಿಗೆ ಕಾಯುತ್ತಿದ್ದ ನನ್ನ ಮುಖವೂ ಹೀಗೇ ಇದ್ದಿರಬೇಕು. ಕ್ಯಾಲ್ಕುಲೇಟರ್ ತಿರುಗಿ ತೆಗೆದುಕೊಂಡೆ. ಎಗೆ ಒಂದು, ಬಿಗೆ ಒಂದು, ಸಿಗೆ ಒಂದು ಹಾಕಿದೆ. ಡಿ ಹತ್ತಿರ ಬಂದಾಗ ಕೈ ತಡೆಯಿತು. ಅದಕ್ಕೆ ಮಾತ್ರ ಎರಡು ಹಾಕಿದೆ. ಈಗ ಸಾಲುಗಳು ಬೇರೆಬೇರೆ, ಕಳೆದರೆ ಸೊನ್ನೆ ಬರಲ್ಲ, ವಿಲೋಮ ಸಿಕ್ಕೇ ಸಿಗುತ್ತದೆ.

“ಇಲ್ಲ ಅತ್ತೆ, ತುಂಬಿದ್ದೀನಿ. ಒಂದು ಹೆಚ್ಚೇ ಹಾಕಿದ್ದೀನಿ.”

ಪಾಠ ಶುರು ಮಾಡೋ ಮುಂಚೆ ನೆನಪಿಟ್ಟು ಎಲ್ಲ ಅಳಿಸಿಕೋ ಅಂತ ನಸ್ರೀನ್‌ಗೆ ಮೆಲ್ಲಗೆ ಹೇಳಿದೆ. ಅಳಿಸೋದೇ ಆದರೆ ತುಂಬೋದು ಯಾಕೆ ಮೇಡಂ ಅಂತ ಅವಳು ಕಣ್ಣು ಬಿಟ್ಟಳು.

“ನಿಮ್ಮಮ್ಮ ಕೊಟ್ಟಿರೋ ಖರ್ಜೂರ ನಾನು ತಿಂದು ಖಾಲಿ ಮಾಡಲ್ವೇನೇ?”