ಅಣ್ಣನ ಲಾರಿ ಓಡಿಸುವ ಒಳಗಿನ ಕಂಪ್ಯೂಟರ್

ಬೆಳಗಿನ ಐದೂವರೆ. ರಾಮದುರ್ಗದ ಬಸ್‌ಸ್ಟ್ಯಾಂಡ್ ಹಿಂದಿನ ಗಲ್ಲಿಯಲ್ಲಿ ಚಹಾದಂಗಡಿಯೂ ಇನ್ನೂ ಬಾಗಿಲು ತೆಗೆದಿಲ್ಲ. ಪೂನಮ್ ಮಾತ್ರ ತಮ್ಮ ಅರ್ಜಿ-ಝೆರಾಕ್ಸ್ ಅಂಗಡಿಯ ಶಟರ್ ಅರ್ಧ ಎತ್ತಿ, ಅಣ್ಣ ಶಂಕ್ರೆಪ್ಪನವರ ಗಾಲಿಕುರ್ಚಿಯನ್ನು ಒಳಗೆ ತಳ್ಳುತ್ತಾರೆ. ಕೀಬೋರ್ಡಿನಲ್ಲಿ ಎರಡು ಸಾಲು ಕುಟ್ಟುತ್ತಾರೆ. ಪಕ್ಕದ ಪರದೆ ಬೆಳಗುತ್ತದೆ, ಲಾರಿಯ ಇಂಜಿನ್ ಗುರ್ ಎನ್ನುತ್ತದೆ. ಐವತ್ತೆರಡರ ಶಂಕ್ರೆಪ್ಪ ಮೇಜಿಗೆ ಬಿಗಿದ ಪ್ಲಾಸ್ಟಿಕ್ ಸ್ಟೇರಿಂಗ್ ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಾರೆ. ಆಟದ್ದಾದರೇನು, ಗಾಡಿ ಗಾಡಿಯೇ.

ಸುರೇಬಾನದ ಈ ಅಣ್ಣ ಇಪ್ಪತ್ತಾರು ವರ್ಷ ಲಾರಿ ಓಡಿಸಿದವರು. ತಂಗಿಯನ್ನು ಕಂಪ್ಯೂಟರ್ ಕಲಿಯಲು ಹುಬ್ಬಳ್ಳಿಗೆ ಕಳಿಸಿದ್ದೂ ಆ ದುಡಿಮೆಯಲ್ಲೇ. ನಾಲ್ಕು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಎಡಗಾಲನ್ನು ತಿಂದಿತು. ಮೂರು ತಿಂಗಳು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರು. "ಉಣ್ಣಂಗಿಲ್ಲ, ಮಾತಾಡಂಗಿಲ್ಲ. ರಸ್ತಾದಾಗ ಲಾರಿ ಹಾರ್ನ್ ಕೇಳಿದ್ರ ಮಾತ್ರ ಹೊಳ್ಳಿ ನೋಡಾಂವ," ಎನ್ನುತ್ತಾರೆ ಪೂನಮ್.

ಆಗ ಸಿಕ್ಕಿದ್ದು ಈ ಲಾರಿ ಆಟ. ಅದು ಓಡುವುದು ವಿಂಡೋಸ್‌ನಲ್ಲಿ. ಅಂಗಡಿಯ ಕಂಪ್ಯೂಟರಿನಲ್ಲಿರುವುದು ಲಿನಕ್ಸ್ ಎಂಬ ಬೇರೆ ವ್ಯವಸ್ಥೆ. ಗಿರಾಕಿಗಳ ಪೆನ್‌ಡ್ರೈವ್ ವೈರಸ್‌ಗೆ ರೋಸಿ ಹಾಕಿಕೊಂಡದ್ದು. ಇನ್ನೊಂದು ಕಂಪ್ಯೂಟರ್ ಕೊಳ್ಳುವ ತಾಕತ್ತಿಲ್ಲ. ಪೂನಮ್ ಇದ್ದೊಂದರ ಹೊಟ್ಟೆಯಲ್ಲೇ ಇನ್ನೊಂದು ಕಂಪ್ಯೂಟರನ್ನು, ಅಂದರೆ ವರ್ಚುವಲ್ ಮಷೀನನ್ನು, ಹುಟ್ಟಿಸಿದರು. ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡನ್ನು ಹೊರಗಿನದರಿಂದ ಕಿತ್ತು ಪೂರ್ತಿ ಒಳಗಿನದಕ್ಕೆ ಒಪ್ಪಿಸಿದರು. ಅವರ ಕತೆ ಕೇಳಿ ಬರೆಯಲು ಹೋದ ನನ್ನ ತಲೆಗೆ ಇದು ಹೋಗಲೇ ಇಲ್ಲ. "ಒಂದ ಮನ್ಯಾಗ ಎರಡ ಒಲಿ ಹೂಡಿದಂಗ್ರಿ ಸರ್. ಛಲೋ ಒಲಿ ಅಣ್ಣಂಗ, ಸಣ್ಣದು ನನ್ನ ಅರ್ಜಿಗೆ," ಎಂದು ನಗುತ್ತಾರೆ. ಹದಿನೇಳು ದಿನ ಹಿಡಿಯಿತಂತೆ. ದಿನಕ್ಕೆ ನಲವತ್ತು ಅರ್ಜಿ ತುಂಬುವ ಅದೇ ಮೇಜಿನಲ್ಲಿ ಶಂಕ್ರೆಪ್ಪ ಈವರೆಗೆ ಒಂದು ಲಕ್ಷ ಹನ್ನೆರಡು ಸಾವಿರ ಕಿಲೋಮೀಟರ್ ಓಡಿಸಿದ್ದಾರೆ.

ಕಳೆದ ಯುಗಾದಿ ಹೊತ್ತಿಗೆ ಅವರು "ಸ್ಕ್ರೀನ್ ಮಂಜ ಆಗೇತಿ" ಅಂದರು. ಪೂನಮ್ ಕೇಬಲ್ ಬದಲಿಸಿದರು. ಕಾರ್ಡ್ ಬಿಚ್ಚಿ ಧೂಳು ಊದಿದರು. ಒಳಗಿನ ಮಷೀನನ್ನೇ ಅಳಿಸಿ ಹೊಸದಾಗಿ ಕಟ್ಟಿದರು. ಧಾರವಾಡಕ್ಕೆ ಹೋಗಿ ಸೆಕೆಂಡ್‌ಹ್ಯಾಂಡ್ ಕಾರ್ಡ್ ತಂದರು. ಪ್ರತಿ ಸಲವೂ ಅಣ್ಣ "ಹಾಂ, ಈಗ ಛಲೋ ಆತು" ಅನ್ನುವುದು, ವಾರಕ್ಕೆ ಮತ್ತೆ ಮಂಜು. ಹೀಗೇ ಐದು ತಿಂಗಳು. "ನಾ ನೋಡಿದಾಗ ಚೊಕ್ಕ ಇರತಿತ್ರಿ. ಈ ಮಷೀನ್ ಮೊದಲಿಂದ್ಲೂ ಹಂಗ ಕಾಡಿದ್ದು, ನೋಡಾಕ ಬಂದ್ರ ಸುಮ್ಮಿರೂದು. ಅದರದ ತಪ್ಪು ಅಂತ ತಿಳಕೊಂಡೆ."

ಕೊನೆಗೆ ಕಣ್ಣಿನ ಡಾಕ್ಟರ ಬಳಿ ಕರೆದೊಯ್ದಾಗ ತಡವಾಗಿತ್ತು. ಅದೇ ಸಕ್ಕರೆ ಕಾಯಿಲೆ. ಎಡಗಣ್ಣು ಪೂರ್ತಿ ಹೋಗಿದೆ, ಬಲಗಣ್ಣಿಗೆ ಮಸುಕು ಬೆಳಕಷ್ಟೇ, ಅದೂ ಹೆಚ್ಚು ದಿನ ಉಳಿಯದು. ಮೊದಲೇ ಬಂದಿದ್ದರೆ ಉಳಿಸಬಹುದಿತ್ತು ಎಂದರು ಡಾಕ್ಟರು. "ನಾ ಕಾರ್ಡ್ ಬಿಚ್ಚಕೋತ ಕುಂತೆ, ಇಂವನ ಕಣ್ಣ ಹೋದ್ವು," ಎಂದು ಪೂನಮ್ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಾರೆ.

ಸ್ಟೇರಿಂಗ್ ಹಿಡಿದೇ ಶಂಕ್ರೆಪ್ಪ ಬಾಯಿ ಬಿಡುತ್ತಾರೆ. "ಅಳಬ್ಯಾಡ ತಂಗಿ. ಕಣ್ಣಂತ ನಂಗ ಮೊದಲನೇ ದಿನಾನ ಗೊತ್ತಿತ್ತು."

ಪೂನಮ್ ದಂಗಾಗಿ ನೋಡುತ್ತಾರೆ. ಈ ಮಾತನ್ನು ಅವರೂ ಮೊದಲ ಸಲ ಕೇಳುತ್ತಿರುವುದು.

"ಡ್ರೈವರ್ ಆದಾಂವ ಕಣ್ಣ ಮಂಜ ಅಂತ ಎಂದೂ ಹೇಳಂಗಿಲ್ರಿ ಸರ್. ಹೇಳಿದ್ರ ಸ್ಟೇರಿಂಗ್ ಬಿಡಸ್ತಾರ. ಗಾಜ ಹೊಲಸಾಗೇತಿ ಅಂತೇವಿ, ಒರಸ್ತೇವಿ, ಮತ್ತ ಹೊಡಿತೇವಿ. ಇದನ್ನೂ ಕಸಕೊಂಡಿದ್ರ ನನ್ನ ಕಡೆ ಏನ ಉಳೀತಿತ್ರಿ?"

ಪೂನಮ್ ಈಗ ಬೈಯುತ್ತಾರೆ ಎಂದುಕೊಳ್ಳುತ್ತೇನೆ. ಬೈಯುವುದಿಲ್ಲ. ಎದ್ದು ಹೋಗಿ ಅಣ್ಣನ ಹೆಗಲ ಮೇಲೆ ಕೈಯಿಟ್ಟು, ಪರದೆ ನೋಡುತ್ತ, "ಎಡಕ್ಕ ತಗೋ ಅಣ್ಣಾ... ಇನ್ನೊಂಚೂರು... ಹಾಂ, ನೆಟ್ಟಗ ಬಿಡು," ಎನ್ನುತ್ತಾರೆ. ಲಾರಿ ಸೇತುವೆ ದಾಟುತ್ತದೆ.

ಇನ್ನೇನು ಆಸೆ ನಿಮಗೆ ಎಂದು ಹೊರಡುವಾಗ ಪೂನಮ್ ಅವರನ್ನು ಕೇಳುತ್ತೇನೆ.

"ಒಳಗಿನ ಮಷೀನಿನ ಸೌಂಡ್ ನಡುನಡುವ ಕರಕರ ಅಂತೈತ್ರಿ. ಇಷ್ಟ ದಿನ ಚಿತ್ರದ ಬೆನ್ನ ಹತ್ತಿ ಅದನ್ನ ಬಿಟ್ಟಿದ್ದೆ. ಅದೊಂದ ಸಾಫ್ ಮಾಡಬೇಕು. ಇರೂ ಬೆಳಕೂ ಹೋದ ಮ್ಯಾಲ ಅಂವಗ ಗಾಡಿ ಅಂದ್ರ ಬರೇ ಸಪ್ಪಳ ಅಷ್ಟ ಅಲ್ಲೇನ್ರಿ."