ಬೇಲಿ ದಾಟಿ ಬಂದ ಜಡ್ಜ್

ಹಾಯ್ಟ್ ಬ್ಲೆಡ್ಸೋನ ತಲೆಗೂದಲನ್ನು ಇಷ್ಟು ವರ್ಷ ಕತ್ತರಿಸಿದವನು ನಾನೇ. ಆ ತಲೆಯ ಹೊರಗಿರುವಷ್ಟೂ ಒಳಗಿಲ್ಲ ಎಂಬುದನ್ನು ನನ್ನಷ್ಟು ಬಲ್ಲವರಿಲ್ಲ. ಟೈರ್ ಮಾರುತ್ತಿದ್ದವನು ಚುನಾವಣೆ ಗೆದ್ದು ನಮ್ಮ ಕೌಂಟಿಯ ಅತಿ ಕೆಳಗಿನ ಕೋರ್ಟಿಗೆ ಜಡ್ಜ್ ಆದ. ಟೆಕ್ಸಸ್‌ನಲ್ಲಿ ಆ ಕುರ್ಚಿಗೆ ಕಾನೂನು ಓದಿರಬೇಕಿಲ್ಲ, ಓಟು ಬಿದ್ದರೆ ಸಾಕು. ಸಣ್ಣಪುಟ್ಟ ತಪ್ಪಿಗೆ ದಂಡ ಹಾಕುವುದು, ಬಾಡಿಗೆದಾರರನ್ನು ಮನೆ ಬಿಡಿಸುವುದು, ಮದುವೆ ಮಾಡಿಸುವುದು, ರಸ್ತೆಯಲ್ಲಿ ಸತ್ತು ಬಿದ್ದವನನ್ನು ನೋಡಿ ಸತ್ತಿದ್ದಾನೆ ಎಂದು ಹೇಳುವುದು, ಎಲ್ಲ ಅವನ ಪಾಲಿಗೆ. ಕೊನೆಯದರಲ್ಲಿ ಮಾತ್ರ ಅವನು ತಪ್ಪಿದ್ದನ್ನು ನಾನು ಕಾಣೆ.

ಕೊಲೆ, ವಿಚ್ಛೇದನದಂಥವು ದೊಡ್ಡ ಕೋರ್ಟಿಗೆ ಹೋಗುತ್ತವೆ. ಇವನ ತೀರ್ಪು ಒಪ್ಪದವರು ಗಡುವಿನೊಳಗೆ ಕೌಂಟಿ ಕೋರ್ಟಿನ ಮೆಟ್ಟಿಲು ಹತ್ತಿದರೆ ಅಲ್ಲಿ ವಿಚಾರಣೆ ಮೊದಲಿನಿಂದ ಶುರು. ಇವನು ಹೇಳಿದ್ದನ್ನು ಅಲ್ಲಿ ಯಾರೂ ಮೂಸಿಯೂ ನೋಡುವುದಿಲ್ಲ.

ಚುನಾವಣೆ ಬಂದರೆ ಹಾಯ್ಟ್ ಮನೆಮನೆಯ ಬಾಗಿಲು ತಟ್ಟಿ ಕೈ ಕುಲುಕುತ್ತಿದ್ದ. ವಿಧವೆ ವರ್ಲೀನ್ ಪ್ರೂಯಿಟ್‌ಳ ಮನೆಯೊಂದನ್ನು ಬಿಟ್ಟು. ಅಲ್ಲಿ ಸಾರ್ಜ್ ಎಂಬ ನಾಯಿ ಇತ್ತು. ಹಾಯ್ಟ್ ಬೇಲಿಯಾಚೆ ನಿಂತೇ ಹಲ್ಲು ಕಿರಿದು ಹೋಗುತ್ತಿದ್ದ.

ಒಂದು ದಿನ ಗೇಟು ತೆರೆದಿತ್ತು. ಸಾರ್ಜ್ ಹೊರಗೆ ಹೋಗಿ ಪಕ್ಕದ ಮನೆಯ ರಾಯ್ಸ್ ಟ್ಯಾಲಿಯ ಮುಂಗೈ ಕಚ್ಚಿ ಹರಿದುಹಾಕಿತು. ಕೌಂಟಿಯವರು ನಾಯಿಯನ್ನು ಹಿಡಿದೊಯ್ದು ತಮ್ಮ ನಾಯಿಗೂಡಿಗೆ ಹಾಕಿದರು. ವರ್ಲೀನ್‌ಗೆ ಆ ನಾಯಿ ಬಿಟ್ಟರೆ ಮನೆಯಲ್ಲಿ ಮಾತಾಡಿಸಲು ಜೀವವಿರಲಿಲ್ಲ.

ಹಾಯ್ಟ್‌ನ ಮುಂದೆ ಎರಡು ಕೇಸು ಬಂದವು. ಒಂದು ಕ್ರಿಮಿನಲ್: ನಾಯಿಯನ್ನು ಹೊರಗೆ ಬಿಟ್ಟ ತಪ್ಪು ವರ್ಲೀನ್‌ಳದೇ? ಗೇಟು ತೆಗೆದವರನ್ನು ಯಾರೂ ನೋಡಿರಲಿಲ್ಲ. ಅನುಮಾನವಿದ್ದರೆ ಶಿಕ್ಷೆಯಿಲ್ಲ, ಆದ್ದರಿಂದ ಬಿಡುಗಡೆ. ಇನ್ನೊಂದು ಸಿವಿಲ್: ನಾಯಿ ಕಚ್ಚಿದ್ದು ಹೌದೇ, ಅದನ್ನು ಕೊಲ್ಲಬೇಕೇ? ಅಲ್ಲಿ ಗೇಟಿನ ಮಾತೇ ಇಲ್ಲ; ಅದರ ವಿಚಾರಣೆ ಮುಂದಿನ ಗುರುವಾರಕ್ಕಿತ್ತು.

ನಮ್ಮೂರಲ್ಲಿ ಒಂದು ಸಲ ಗೆದ್ದವರು ಎಲ್ಲಾ ಗೆದ್ದೆವೆಂದುಕೊಳ್ಳುತ್ತಾರೆ. ವರ್ಲೀನ್ ಕೂಡ ಹಾಗೇ. ಭಾನುವಾರ ಚರ್ಚಿನ ಊಟಕ್ಕೆ ಪೆಕಾನ್ ಬೀಜ ಹಾಕಿದ ಸಿಹಿ ಪೈ ಮಾಡಿ ತಂದು, ಮೊದಲ ತುಂಡನ್ನು ಹಾಯ್ಟ್‌ಗೇ ಕೊಟ್ಟಳು. ನಾನು ಅದೇ ಮೇಜಿನಲ್ಲಿದ್ದೆ.

"ಗುರುವಾರ ಮತ್ತೆ ಕೋರ್ಟಿಗೆ ಬನ್ನಿ ಅಂತ ಕಾಗದ ಬಂದಿದೆ ಜಡ್ಜ್ ಸಾಹೇಬ್ರೇ. ಬರ್‍ಬೇಕಾ?"

"ನೀವು ಗೆದ್ದಾಯ್ತಲ್ಲ, ಮಿಸ್ ವರ್ಲೀನ್," ಎಂದ ಹಾಯ್ಟ್, ಬಾಯಿ ತುಂಬಾ ಪೈ ಇಟ್ಟುಕೊಂಡು. ನಮ್ಮ ಕಡೆ ಮದುವೆಯಾದವರನ್ನೂ ಗೌರವಕ್ಕೆ ಮಿಸ್ ಎನ್ನುತ್ತಾರೆ.

"ಹಂಗಾದ್ರೆ ಸಾರ್ಜ್‌ನ ಯಾವಾಗ ಕರ್‍ಕೊಂಡು ಹೋಗ್ಲಿ?"

"ಸ್ವಲ್ಪ ಕಾಗದದ ಕೆಲ್ಸ ಇದೆ. ಅದು ಮುಗೀಲಿ, ನಾನೇ ಹೇಳಿ ಕಳಿಸ್ತೀನಿ."

ಗುರುವಾರ ರಾಯ್ಸ್ ತನ್ನ ಅಣ್ಣತಮ್ಮಂದಿರನ್ನೆಲ್ಲ ಕಟ್ಟಿಕೊಂಡು ಬಂದ. ವರ್ಲೀನ್ ಬರಲಿಲ್ಲ. ನಾಯಿಯನ್ನು ಕೊಲ್ಲುವ ಆದೇಶಕ್ಕೆ ಹಾಯ್ಟ್ ಸಹಿ ಹಾಕಿದ. ಹೇಳಿ ಕಳಿಸಿದ್ದು ಮಾತ್ರ ಇಲ್ಲ. ಕಾದು ಕಾದು ಸಾಕಾಗಿ ಅವಳು ಕೊರಳಪಟ್ಟಿ, ಹಗ್ಗ ಹಿಡಿದು ತಾನೇ ಗೂಡಿಗೆ ಹೋದಾಗ ಮೇಲ್ಮನವಿಯ ಗಡುವು ಕಳೆದಿತ್ತು. ನಾಯಿಯೂ ಹೋಗಿತ್ತು.

ವಿಷಯ ಗೊತ್ತಾದ ವಾರ ಹಾಯ್ಟ್ ನನ್ನ ಕುರ್ಚಿಯಲ್ಲಿ ಕೂತಿದ್ದ.

"ಅವ್ಳು ಕೇಳ್ದಾಗ ಬನ್ನಿ ಅನ್ನೋಕೆ ನಿಂಗೇನಾಗಿತ್ತೋ?" ಎಂದೆ.

"ನಾನು ಬರ್‍ಬೇಡಿ ಅಂದ್ನಾ? ನೋಡು, ಅವ್ಳಿಗೊಂದು ಕೇಸು, ಟ್ಯಾಲಿಗಳಿಗೊಂದು ಕೇಸು. ಇಬ್ಬರಿಗೂ ಬೇಜಾರಿಲ್ಲ. ಟ್ಯಾಲಿಗಳ ಮನೇಲಿ ಓಟು ಎಷ್ಟಿವೆ ಗೊತ್ತಾ ನಿಂಗೆ?"

ನ್ಯಾಯವೆಂದರೆ ಇವನಿಗೆ ಹೋಳು ಮಾಡಿ ಹಂಚುವ ಪೈ. ನನ್ನ ಕೈಯಲ್ಲಿ ಕ್ಷೌರದ ಕತ್ತಿ ಇತ್ತು. ಅವನ ಕೊರಳಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಕೊಡವಿ, ಇನ್ನು ಮುಂದೆ ಬೇರೆ ಕಡೆ ಕ್ಷೌರ ಮಾಡಿಸಿಕೋ ಎಂದೆ. ತಮಾಷೆ ಎಂದುಕೊಂಡು ನಕ್ಕ.

ಚುನಾವಣೆ ಬಂತು. ಹಾಯ್ಟ್ ವರ್ಲೀನ್‌ಳ ಗೇಟು ತೆಗೆದು, ಅಂಗಳ ದಾಟಿ, ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದ. ಅವಳು ಬಾಗಿಲು ತೆಗೆದಾಗ ಕೈ ಚಾಚಿದ.

"ನಿಮ್ಮನ್ನ ಬಿಡುಗಡೆ ಮಾಡಿದ್ದು ಮರೀಬೇಡಿ, ಮಿಸ್ ವರ್ಲೀನ್."

ಅವಳು ಆ ಕೈಯನ್ನು ಮುಟ್ಟಲಿಲ್ಲ. ಅವನ ಬೆನ್ನ ಹಿಂದಿನ ಖಾಲಿ ಅಂಗಳವನ್ನು ನೋಡಿದಳು.

"ಈ ಸಲ ಬಾಗಿಲ ತನಕ ಬಂದ್ಬಿಟ್ರಲ್ಲ, ಜಡ್ಜ್ ಸಾಹೇಬ್ರೇ," ಎಂದಳು.